ಕೋಟಿನ ಒಳಬಣ್ಣ

ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಎನ್ನುತ್ತಾರೆ. ಹಗಲೆಲ್ಲ ಹೊಲಿಗೆ, ವರ್ಷಕ್ಕೊಮ್ಮೆ ಅದೇ ಬೀದಿಯವರು ಆಡಲು ಒಂದು ನಾಟಕ. ಬಟ್ಟೆಯ ಅಳತೆ ಗುರುತಿಸುವ ಕಂದು ಕಾಗದದ ಮೇಲೆಯೇ ಅವಳು ನಾಟಕದ ಮಾತುಗಳನ್ನೂ ಬರೆಯುವುದು.

ಈ ಸಲ ಕೊನೆಯ ದೃಶ್ಯಕ್ಕೆ ಬಂದು ಕೈ ಕಟ್ಟಿಹೋಯಿತು. ಹಡಗು ಹತ್ತಲು ಹೊರಟ ನಾಯಕ ಮನೆಯ ಹೊಸ್ತಿಲು ದಾಟಬೇಕು. ಅವನ ಬಾಯಲ್ಲಿ ಯಾವ ಮಾತಿಟ್ಟರೂ ಸಪ್ಪೆ. ಸಂಜೆಯ ತಾಲೀಮಿಗೆ ದೃಶ್ಯ ಸಿಗದಿದ್ದರೆ ಈ ವರ್ಷ ನಾಟಕವೇ ಬೇಡವೆಂದು ಎಲ್ಲರೂ ತೀರ್ಮಾನಿಸಿದ್ದರು. ನಾಯಕನ ತಾಯಿಯ ಪಾತ್ರ ಅವಳ ಅತ್ತೆಯದು. ಅವರ ಕಣ್ಣು ಮಂಜಾಗುತ್ತ ಬಂದಿತ್ತು. ಮುಂದಿನ ವರ್ಷ ರಂಗ ಹತ್ತುವುದು ಆಗದ ಮಾತು.

"ಏನಮ್ಮಾ, ಹೀರೋ ಇನ್ನೂ ಹೊಸ್ತಿಲ ಮೇಲೇ ನಿಂತಿದಾನಾ? ಪಾಪ, ಕಾಲು ನೋಯ್ತಿರುತ್ತೆ, ಕುರ್ಚಿನಾದ್ರೂ ಹಾಕು." ಹೊಲಿಗೆ ಅಂಗಡಿಯ ಮೂಲೆಯಲ್ಲಿ ಕೂತಿದ್ದ ಅತ್ತೆ ಕೆಣಕಿದರು.

"ಸುಮ್ನಿರಿ ಅತ್ತೆ, ತಲೆ ಓಡ್ತಿಲ್ಲ."

"ತಲೆ ಓಡದಿದ್ರೆ ಕೈ ಓಡಿಸು. ಮೇಷ್ಟ್ರ ಕೋಟು ಎಷ್ಟು ದಿನದಿಂದ ನೇತಾಡ್ತಿದೆ!"

ಬಿಸಿಲಿಗೆ ಮಾಸಿ ಬೂದಿಯಂತಾಗಿದ್ದ ಕೋಟು. ಹೊಲಿಗೆಯೆಲ್ಲ ಬಿಚ್ಚಿ, ಬಟ್ಟೆಯ ಒಳಮೈಯನ್ನು ಹೊರಗೆ ಮಾಡಿ ಮತ್ತೆ ಜೋಡಿಸಬೇಕಿತ್ತು. ಗೊಣಗುತ್ತಲೇ ಒಳಗಿನ ಲೈನಿಂಗ್ ಬಟ್ಟೆಯನ್ನು ಬಿಡಿಸಿದಳು. ಕತ್ತರಿ ಹಾಗೇ ನಿಂತಿತು.

ಕೋಟಿನ ಬಟ್ಟೆಯ ಒಳಮೈ ನೀಲಿ. ಇಷ್ಟು ವರ್ಷ ಬಿಸಿಲನ್ನೇ ಕಾಣದ ನೀಲಿ, ನಿನ್ನೆ ಬಣ್ಣದಲ್ಲಿ ಅದ್ದಿ ತೆಗೆದಂತೆ. ತೊಟ್ಟ ಮೇಷ್ಟ್ರಿಗೂ ಗೊತ್ತಿರಲಾರದು, ತಮ್ಮ ಮೈಗೆ ಇಷ್ಟು ಹತ್ತಿರ ಇಂಥದೊಂದು ಬಣ್ಣವಿತ್ತೆಂದು. ಅವಳು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅತ್ತೆ ಮುಖವನ್ನು ಹತ್ತಿರ ತಂದರು.

"ಅಯ್ಯೋ, ಇದು ನಂಗೂ ಕಾಣ್ತಿದೆ ಕಣೇ!"

ಅವಳು ಬಟ್ಟೆ ಬಿಟ್ಟು ಅತ್ತೆಯನ್ನೇ ನೋಡಿದಳು. ಇಷ್ಟು ದಿನ ಹೋಗುವವನ ಬಾಯಿಗೇ ಮಾತು ಹುಡುಕಿದ್ದಳು. ಕೋಟಿನ ಒಳಮೈಯಂತೆ ಬಾಗಿಲ ಒಳಗೇ ಉಳಿಯುವ ತಾಯಿಗೆ ಒಂದು ಮಾತನ್ನೂ ಬರೆದಿರಲಿಲ್ಲ.

"ಅತ್ತೆ, ಅವನು ಹೋದಮೇಲೆ ಬಾಗಿಲು ಮುಚ್ತೀರಲ್ಲ, ಆಮೇಲೇನ್ಮಾಡ್ತೀರಿ?"

"ನೀನು ಬರೆದೇ ಇಲ್ವಲ್ಲೇ!"

"ನೀವೇ ಹೇಳಿ."

ಅತ್ತೆ ಎದ್ದು, ಗೋಡೆ ತಡಕುತ್ತ ಹೋಗಿ ಅಂಗಡಿಯ ಬಾಗಿಲು ಮುಚ್ಚಿ ಹಿಡಿಕೆಯ ಮೇಲೆ ಕೈಯಿಟ್ಟರು. ದನಿ ತಗ್ಗಿತು.

"ಚಿಲಕ ಹಾಕಲ್ಲ. ಹಾಕಿದ್ರೆ ಹೋದ ಅಂತ ಆಗ್ಬಿಡುತ್ತೆ. ಅವನು ಹಿಡಿದ ಜಾಗ ಇನ್ನೂ ಬೆಚ್ಚಗಿದೆ. ಅದು ಆರೋವರೆಗೂ ಕೈ ತೆಗೆಯಲ್ಲ."

ಚಿಲ್ಲರೆ ವಿಷಯಕ್ಕೆಲ್ಲ ದಿನಾ ಜಗಳವಾಡುವ ದನಿ ಅದು. ಅವಳು ಕಂದು ಕಾಗದ ಎಳೆದುಕೊಂಡು, ಒಂದಕ್ಷರವನ್ನೂ ಬದಲಿಸದೆ ಬರೆಯತೊಡಗಿದಳು. ಹಿಂದೆಯೇ ಮುಂದಿನ ಮಾತು ಬಂತು, ಅದರ ಹಿಂದೆ ಮತ್ತೊಂದು.

ಹಿಡಿಕೆಯ ಮೇಲಿನ ಕೈ ಕದಲಿಸದೆ ಅತ್ತೆ ಬಾಗಿಲ ಬಳಿಯಿಂದಲೇ ಕೇಳಿದರು:

"ಬರೆದ್ಯಾ? ಈಗ ಕೈ ತೆಗೀಲಾ?"