ಹನ್ನೊಂದು ಜ್ವರ, ಒಂದೇ ಕೈಬರಹ

ಹೋದ ತಿಂಗಳು ಒಂದೇ ಬೆಳಿಗ್ಗೆ ನಾನು ಹನ್ನೊಂದು ಮಕ್ಕಳಿಗೆ ಜ್ವರ ಬರಿಸಿದೆ. ಅದಕ್ಕೆ ಮಳೆಯೂ ಬೇಕಾಗಲಿಲ್ಲ, ಸೊಳ್ಳೆಯೂ ಬೇಕಾಗಲಿಲ್ಲ. ಒಂದು ನಿಬ್ಬು, ಅರ್ಧ ದೌತಿ ಶಾಯಿ ಸಾಕಾಯಿತು.

ಗಾಬರಿಯಾಗಬೇಡಿ. ನಾನು ಬರೆದದ್ದು ಲೀವ್ ಲೆಟರು.

ಈ ಅಂಕಣ ಓದುವವರಿಗೆ ಗೊತ್ತಿರುವಂತೆ ನಾನು ಯಲಿಯೂರಿನ ಆಚೆಯ ಒಂದು ಸಣ್ಣ ಹಳ್ಳಿಯವನು, ಮಂಡ್ಯದ ಒಂದು ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ನಮ್ಮೂರಿಗೆ ನಾನೊಬ್ಬನೇ ಬಿ.ಎ. (ನಮ್ಮಪ್ಪನಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಈ ಮಾತನ್ನು ನಾನು ಹೋದಕಡೆಯೆಲ್ಲ ಹೇಳುತ್ತೇನೆ, ನಾಚಿಕೆಯಿಂದಲ್ಲ, ಜಂಬದಿಂದ.) ಹಳ್ಳಿಯಲ್ಲಿ ಬಿ.ಎ. ಆದವನಿಗೆ ಇರುವ ಕೆಲಸ ಎರಡು. ಕೋರ್ಟಿನಿಂದ ಬಂದ ನೋಟೀಸು ಓದಿ ಹೇಳುವುದು, ಮಕ್ಕಳು ಸ್ಕೂಲು ತಪ್ಪಿಸಿದಾಗ ಚೀಟಿ ಬರೆದುಕೊಡುವುದು.

ನಮ್ಮ ಸ್ಕೂಲಿನ ರೂಲು ಹೀಗಿದೆ. ಮಗು ಒಂದು ದಿನ ಬಾರದಿದ್ದರೂ ತಂದೆಯೋ ತಾಯಿಯೋ ಕಾರಣ ಬರೆದು ಚೀಟಿ ಕಳಿಸಬೇಕು. ಚೀಟಿಯಿಲ್ಲದ ಗೈರುಹಾಜರಿ ಹತ್ತು ದಿನ ದಾಟಿತೋ, ರಿಜಿಸ್ಟರಿನಿಂದ ಹೆಸರು ವಜಾ. ಒಳ್ಳೆಯ ರೂಲೇ. ಮಾಡಿದವರಿಗೆ ಒಂದು ಸಣ್ಣ ಸಂಗತಿ ಹೊಳೆಯಲಿಲ್ಲ, ಅಷ್ಟೆ. ನಮ್ಮೂರಿನ ತಂದೆತಾಯಿಗಳಿಗೆ ಬರೆಯಲು ಬರುವುದಿಲ್ಲ.

ಹಾಗಾಗಿ ಬೆಳಿಗ್ಗೆ ಏಳಕ್ಕೆ ನಮ್ಮ ಜಗಲಿಯ ಮೇಲೆ ಕೂತು ನಾನು ಬರೆಯುತ್ತೇನೆ. ಅವರು ಕೆಳಗೆ ಹೆಬ್ಬೆಟ್ಟು ಒತ್ತುತ್ತಾರೆ. ಹತ್ತೂವರೆಗೆ ಅದೇ ಚೀಟಿ ಸ್ಕೂಲಿನಲ್ಲಿ ನನ್ನ ಟೇಬಲ್ಲಿಗೆ ಬರುತ್ತದೆ. (ಹಾಜರಿ ರಿಜಿಸ್ಟರಿನ ಕೆಲಸವನ್ನು ಹೆಡ್‌ಮಾಸ್ಟರು ನನ್ನ ತಲೆಗೇ ಕಟ್ಟಿದ್ದಾರೆ.) ನಾನು ಕನ್ನಡಕ ಸರಿಮಾಡಿಕೊಂಡು, ಜನ್ಮದಲ್ಲೇ ಕಾಣದವನ ಹಾಗೆ ಅದನ್ನು ಓದುತ್ತೇನೆ. ಬರೆದವನೂ ನಾನೇ, ಓದಿದವನೂ ನಾನೇ, 'ಮಂಜೂರು' ಎಂದು ರುಜು ಹಾಕಿದವನೂ ನಾನೇ. ಇಷ್ಟು ಸಲೀಸಾದ ಆಡಳಿತ ಇನ್ನೆಲ್ಲಾದರೂ ಇದೆಯೇ?

ಕಾರಣಗಳು ಮೂರೇ. ಜ್ವರ, ಮದುವೆ, ಸೂತಕ. ಇವು ಬಿಟ್ಟು ಬೇರೆ ಬರೆದರೆ ಹೆಡ್‌ಮಾಸ್ಟರು ಒಪ್ಪುವುದಿಲ್ಲ. ಮದುವೆಗೆ ಲಗ್ನ ಕೂಡಿಬರಬೇಕು. ಸೂತಕಕ್ಕೆ ಯಾರಾದರೂ ಸಾಯಬೇಕು. ಜ್ವರಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.

ನಿಜವಾದ ಕಾರಣ ಕಬ್ಬು. 'ಇಂಥ ದಿನ ಕಡಿಯಿರಿ' ಎಂದು ಸಕ್ಕರೆ ಕಾರ್ಖಾನೆಯಿಂದ ಆರ್ಡರು ಬಂತೋ, ಮನೆಯಲ್ಲಿ ಕೈಕಾಲಿರುವವರೆಲ್ಲ ಗದ್ದೆಗೆ. ಕಡಿಯುವವರು, ಸೋಗೆ ಸವರುವವರು, ಗಾಡಿಗೆ ತುಂಬುವವರು, ಇವರೆಲ್ಲರಿಗೂ ಬುತ್ತಿ ಹೊರುವವರು. ಹೋದ ತಿಂಗಳು ನಮ್ಮೂರಿನ ಸರದಿ ಬಂತು. ಹನ್ನೊಂದು ಮನೆ, ಹನ್ನೊಂದು ಮಕ್ಕಳು, ಹನ್ನೊಂದು ಜ್ವರ. (ಯುದ್ಧದ ದೆಸೆಯಿಂದ ಕಾಗದ ಸಿಗುವುದಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆ. ಒಂದು ತಿಂಗಳ ಹಾಳೆಯಲ್ಲಿ ನಾಲ್ಕು ಜ್ವರ ಹಿಡಿಯುತ್ತವೆ.)

ಕೊನೆಯ ಚೀಟಿ ನಂಜಕ್ಕನದು. ಗಂಡ ತೀರಿಕೊಂಡು ಆರು ವರ್ಷವಾಯಿತು. ಎರಡು ಎಕರೆ ಕಬ್ಬು, ಒಬ್ಬಳೇ ಮಗಳು ಸಣ್ಣತಾಯಿ. (ಇಬ್ಬರ ಹೆಸರನ್ನೂ ಬದಲಾಯಿಸಿದ್ದೇನೆ. ಊರಿಗೆ ಗೊತ್ತಾದರೆ ಚಿಂತೆಯಿಲ್ಲ, ಇಲಾಖೆಗೆ ಗೊತ್ತಾಗಬಾರದು.) ನಮ್ಮೂರಿನಿಂದ ಮಿಡ್ಲ್ ಸ್ಕೂಲಿನ ಕೊನೆಯ ಕ್ಲಾಸು ಮುಟ್ಟಿದ ಮೊದಲ ಹೆಣ್ಣುಮಗು ಅವಳು. ಲೋಯರ್ ಸೆಕೆಂಡರಿ ಪರೀಕ್ಷೆಗೆ ಇನ್ನೊಂದು ತಿಂಗಳಿತ್ತು. ಆದರೆ ಸುಗ್ಗಿಯಲ್ಲಿ ಚೀಟಿಯಿಲ್ಲದೆ ಎಂಟು ದಿನ ತಪ್ಪಿಸಿಕೊಂಡಿದ್ದಳು. (ಆಗ ನಾನು ಮಳವಳ್ಳಿಯ ಮಾವನ ಮನೆಯಲ್ಲಿ ಜ್ವರದಿಂದ ಮಲಗಿದ್ದೆ. ನಿಜವಾದ ಜ್ವರ.) ಉಳಿದದ್ದು ಎರಡೇ ದಿನ. ಕಬ್ಬಿಗೆ ಬೇಕಾದದ್ದು ಐದು ದಿನ.

"ಇವಳಿಗೂ ಜ್ವರಾನೇ ಬರೀಲಾ ನಂಜಕ್ಕ?" ಎಂದೆ.

ನಂಜಕ್ಕ ನಾನು ಅಂಬೆಗಾಲಿಡುವಾಗಿನಿಂದ ನನ್ನನ್ನು ಕಂಡವಳು. ಮೇಷ್ಟ್ರೇ ಎನ್ನುತ್ತಾಳೆ, ಏಕವಚನ ಬಿಡುವುದಿಲ್ಲ.

"ನಿನ್ ಬಾಯ್ಗೆ ಬ್ಯಾರೆ ಮಾತೇ ಬರಾಕಿಲ್ವಾ ಮೇಷ್ಟ್ರೇ? ಗುಂಡ್ಕಲ್ಲಂಗವ್ಳೆ ನನ್ ಮಗ್ಳು. ಕಬ್ ಕಡ್ಯಾಕೋಗವ್ಳೆ ಅಂತ ಬರಿ."

"ಅದು ನಡೆಯೋದಿಲ್ಲಕ್ಕ."

"ಸುಳ್ಳು ನಡೀತದೆ, ನಿಜ ನಡ್ಯಾಕಿಲ್ವಾ? ಅದ್ಯಾವ್ ಸೀಮೆ ಇಸ್ಕೂಲಪ್ಪ ನಿಮ್ದು! ಬುಡು, ಅದೇನ್ ಬರ್ಕತೀಯೋ ಬರ್ಕೊ."

ಹೆಬ್ಬೆಟ್ಟು ಒತ್ತಿದಳು. ಹನ್ನೊಂದನೆಯ ಜ್ವರ.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ. ಮಂಡ್ಯದಲ್ಲಿ ಒಂದು ಅಕ್ಕಿ ಮಂಡಿಯ ಹಿಂದೆ ಇಲಿಗಳು ಸತ್ತು ಬಿದ್ದಿದ್ದವಂತೆ. ಪ್ಲೇಗಿನ ಭಯಕ್ಕೆ ಸ್ಕೂಲುಗಳಿಗೆ ಸರ್ಕ್ಯುಲರು ಬಂದಿತ್ತು: ಜ್ವರದಿಂದ ಬಾರದ ಮಕ್ಕಳ ಪಟ್ಟಿಯನ್ನು ಪ್ರತಿ ಶನಿವಾರ ಹೆಲ್ತ್ ಇನ್ಸ್‌ಪೆಕ್ಟರಿಗೆ ಕಳಿಸತಕ್ಕದ್ದು. ಅದರ ಕೆಳಗೆ 'ನೋಡಿದೆ' ಎಂದು ಚೆಂದವಾಗಿ ರುಜು ಹಾಕಿದವನು ನಾನು. ಓದಿದ್ದೆನೇ? ಬಿ.ಎ. ಆದವರು ಸರ್ಕ್ಯುಲರು ಓದುತ್ತಾರೆಯೇ? ಶನಿವಾರ ಗುಮಾಸ್ತರು ಪಟ್ಟಿ ಕೇಳಿದರು. ರಿಜಿಸ್ಟರು ನೋಡಿ ಇಳಿಸಿ ಕೊಟ್ಟೆ. ಯಾಕೆ, ಏನು ಎಂದು ಕೇಳಲಿಲ್ಲ.

ಒಂದೇ ಊರು, ಒಂದೇ ವಾರ, ಹನ್ನೊಂದು ಜ್ವರ! ಇನ್ಸ್‌ಪೆಕ್ಟರ ಎದೆ ಧಸಕ್ಕೆಂದಿರಬೇಕು. ಭಾನುವಾರ ಬೆಳಿಗ್ಗೆಯೇ ನಮ್ಮೂರ ಮುಂದೆ ಜಟಕಾ ನಿಂತಿತು. ಇನ್ಸ್‌ಪೆಕ್ಟರು, ಇಬ್ಬರು ಜವಾನರು, ಒಂದು ಡಬ್ಬ ಫಿನಾಯಿಲು, ಸೂಜಿಯ ಪೆಟ್ಟಿಗೆ. ಪಟ್ಟಿಯಲ್ಲಿರುವ ಹನ್ನೊಂದು ಮನೆಗಳೂ ಹತ್ತು ದಿನ ಖಾಲಿಯಾಗಬೇಕು, ಹೆಂಚು ಇಳಿಸಿ ಒಳಕ್ಕೆ ಬಿಸಿಲು ಬಿಡಬೇಕು, ಮನೆಯವರು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ಆರ್ಡರು.

ಬೋರೇಗೌಡ ಮಗನ ಕಿವಿ ಹಿಡಿದು ಎಳೆದುಕೊಂಡು ಬಂದ.

"ನೋಡಿ ಸ್ವಾಮಿ, ಎಲ್ಲೈತೆ ಜ್ವರ? ಈಗ್ ತಾನೆ ಮೂರು ಮುದ್ದೆ ನುಂಗವ್ನೆ. ಜ್ವರ ಬಂದ್ರೆ ಇಂಗ್ ತಿಂತಾನಾ ಈ ಬಡ್ಡೀಮಗ?"

"ಹಾಗಾದರೆ ಚೀಟಿ ಸುಳ್ಳೇ?" ಎಂದರು ಇನ್ಸ್‌ಪೆಕ್ಟರು.

"ಸುಳ್ಳೋ ನಿಜಾನೋ ಓದಾಕೆ ನಮ್ಗ್ ಬತ್ತದಾ? ಮೇಷ್ಟ್ರು ಬರುದ್ರು, ನಾವ್ ಒತ್ತುದ್ವಿ."

ಇಡೀ ಊರು ನನ್ನ ಕಡೆ ತಿರುಗಿತು. ನಾನು ಬೇವಿನಮರದ ಕಡೆ ತಿರುಗಿದೆ.

ಒಬ್ಬೊಬ್ಬರಾಗಿ ಹತ್ತು ಮನೆಯವರೂ ಮಕ್ಕಳನ್ನು ತಂದು ನಿಲ್ಲಿಸಿದರು. ಇನ್ಸ್‌ಪೆಕ್ಟರು ಹಣೆ ಮುಟ್ಟಿದರು, ಕಂಕುಳು ಒತ್ತಿದರು, ಪಟ್ಟಿಯಲ್ಲಿ ಹತ್ತು ಹೆಸರು ಹೊಡೆದುಹಾಕಿದರು. "ಈ ಚೀಟಿಗಳೆಲ್ಲ ಸುಳ್ಳು ಅಂತ ನಿಮ್ಮ ಹೆಡ್‌ಮಾಸ್ಟರಿಗೆ ಬರೀತೀನಿ" ಎಂದು ನನಗೆ ಹೇಳಿದರು. ಬರೆದರೆ ಆ ಹುಡುಗರಿಗೇನು? ಅವರ ಲೆಕ್ಕದಲ್ಲಿ ಇನ್ನೂ ಬೇಕಾದಷ್ಟು ದಿನಗಳಿದ್ದವು.

ಹನ್ನೊಂದನೆಯ ಹೆಸರು ಕೂಗಿದರು. ನಂಜಕ್ಕ ಮುಂದೆ ಬಂದಳು. ಅವಳಿಗೆ ಓದು ಬಾರದು, ಲೆಕ್ಕ ಬರುತ್ತದೆ. ಎಂಟಕ್ಕೆ ಐದು ಸೇರಿದರೆ ಹದಿಮೂರು.

"ನನ್ ಮಗ್ಳಿಗೆ ಜ್ವರ ಬಂದಿದ್ದು ದಿಟ ಸ್ವಾಮಿ."

ಹಿಂದೆ ನಿಂತಿದ್ದ ಸಣ್ಣತಾಯಿ ಬಾಯಿ ತೆರೆದಳು. ಅವ್ವ ಅವಳ ಕಾಲು ತುಳಿದಳು.

"ಈಗ ಮೈ ತಣ್ಣಗಿದೆಯಲ್ಲಮ್ಮ?" ಎಂದರು ಇನ್ಸ್‌ಪೆಕ್ಟರು.

"ಈಗ್ ಬುಟ್ಟದೆ. ಬಂದಿತ್ತು."

"ನಂಜಕ್ಕ, ಮನೆ ಖಾಲಿ ಮಾಡಿಸ್ತಾರೆ…" ಎಂದು ನಾನು ಶುರುಮಾಡಿದೆ.

"ನೀ ಸುಮ್ಕಿರಪ್ಪ. ನೀನೇ ಬರ್ದಿದ್ದಲ್ವಾ?"

ನಿಜ ಹೇಳಿದರೆ ಹುಡುಗಿಯ ಹೆಸರು ಹೋಗುತ್ತದೆ. ಹೇಳದಿದ್ದರೆ ಅವಳ ಅವ್ವನ ಮನೆ ಬಯಲಾಗುತ್ತದೆ. ನನ್ನ ಬಿ.ಎ. ಇದಕ್ಕೆ ಯಾವ ಉತ್ತರವನ್ನೂ ಕಲಿಸಿರಲಿಲ್ಲ. ಸೂಜಿ ಚುಚ್ಚಿಸಿಕೊಳ್ಳಲು ನಂಜಕ್ಕ ತೋಳು ಒಡ್ಡಿದಳು, ಮಗಳ ತೋಳನ್ನೂ ಹಿಡಿದು ಕೊಟ್ಟಳು.

ಕೈಲಾದದ್ದನ್ನು ಮಾಡಿದೆ. ಪಂಚೆ ಎತ್ತಿ ಕಟ್ಟಿ ಅವಳ ಮಾಡು ಹತ್ತಿ ಹೆಂಚು ಇಳಿಸಿದೆ. ಮದ್ದೂರಿನವರೆಗೂ ಹುಡುಕಿದರೆ ಮಾಡಿನ ಮೇಲೆ ಇನ್ನೊಬ್ಬ ಗ್ರಾಜುಯೇಟು ಸಿಕ್ಕುತ್ತಿದ್ದನೇ? ಕೆಳಗಿನಿಂದ ನಂಜಕ್ಕನ ದನಿ:

"ಜ್ವಾಪಾನ ಕಣ್ ಮೇಷ್ಟ್ರೇ! ಅದು ಎಂಚು, ಚೀಟಿ ಅಲ್ಲ. ಒಡುದ್ರೆ ಇನ್ನೊಂದ್ ಬರ್ಕೊಡಾಕಾಗಾಕಿಲ್ಲ."

ಕೆಳಗೆ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ನಗುತ್ತಲೇ ಒಂದು ಹಳೆಯದು ನೆನಪಾಯಿತು. ಓದುವಾಗ ನನ್ನ ಲೀವ್ ಲೆಟರನ್ನು ನಾನೇ ಬರೆಯುತ್ತಿದ್ದೆ. 'ನನ್ನ ಮಗನಿಗೆ ಜ್ವರ' ಎಂದು ಬರೆದು ಅಪ್ಪನ ಮುಂದೆ ಹಿಡಿಯುತ್ತಿದ್ದೆ. "ಏನಂತ ಬರ್ದಿದ್ದೀಯಲಾ?" ಎಂದು ಕೇಳುತ್ತಿದ್ದ. "ಗದ್ದೆ ಕೆಲ್ಸ ಇತ್ತು ಅಂತ ಕಣಪ್ಪ" ಎನ್ನುತ್ತಿದ್ದೆ. ಅಪ್ಪ ಸಂತೋಷದಿಂದ ಒತ್ತುತ್ತಿದ್ದ. ತನ್ನ ಮಗ ಮೈಮುರಿದು ದುಡಿಯುತ್ತಾನೆ ಎನ್ನುವುದು ಸ್ಕೂಲಿನವರಿಗೆಲ್ಲ ಗೊತ್ತು ಎಂದು ನಂಬಿಕೊಂಡೇ ಅಪ್ಪ ಹೋಗಿಬಿಟ್ಟ. ಸ್ಕೂಲಿನವರ ಲೆಕ್ಕದಲ್ಲಿ ನಾನು ಬರೀ ರೋಗಿಷ್ಠ.

ಹತ್ತು ದಿನ ತಾಯಿ ಮಗಳು ಕಬ್ಬಿನ ಸೋಗೆ ಹೊದಿಸಿದ ಗುಡಿಸಲಿನಲ್ಲಿದ್ದರು. ಆ ಹತ್ತು ದಿನ ಸಣ್ಣತಾಯಿಗೆ ಸ್ಕೂಲಿಗೆ ಪ್ರವೇಶವಿಲ್ಲ. ದಿನಾ ಸಂಜೆ ಹೋಗಿ ನಾನೇ ಪಾಠ ಹೇಳಿದೆ. ಹತ್ತನೆಯ ದಿನ ನಂಜಕ್ಕ ಹೇಳಿದಳು: "ಈ ಅತ್ ದಿನುಕ್ಕೂ ಒಂದ್ ಚೀಟಿ ಬೇಕಲ್ವಾ? ಈ ಸಲ್ವಾದ್ರೂ ದಿಟ ಬರಿ ಮಾರಾಯ. ಎಡ್ಮಾಸ್ಟ್ರುನ್ನ ನೀನೇ ಒಪ್ಸು."

ಬರೆದೆ. 'ನನ್ನ ಮಗಳಿಗೆ ಯಾವ ಜ್ವರವೂ ಇಲ್ಲದ ಕಾರಣ ಹತ್ತು ದಿನ ಸ್ಕೂಲಿಗೆ ಬರಲಾಗಲಿಲ್ಲ.' ಓದಿ ಹೇಳಿದೆ. ನಂಜಕ್ಕ ಹೆಬ್ಬೆಟ್ಟನ್ನು ಶಾಯಿಯಲ್ಲಿ ಚೆನ್ನಾಗಿ ಅದ್ದಿ ಒತ್ತಿದಳು.

ಹೆಡ್‌ಮಾಸ್ಟರು ಅದನ್ನು ಎರಡು ಸಲ ಓದಿದರು. ಹತ್ತು ಸುಳ್ಳು ಚೀಟಿಗಳಿಗೆ ನನಗೊಂದು ಮೆಮೊ ಆಗಲೇ ಕೊಟ್ಟಿದ್ದರು. ನಾನು ಉಳಿದದ್ದನ್ನೂ ಹೇಳಿಬಿಟ್ಟೆ. ಕಬ್ಬು, ಎಂಟು ದಿನ, ತುಳಿದ ಕಾಲು, ಎಲ್ಲ. "ಶಿಕ್ಷೆ ನನಗಿರಲಿ ಸಾರ್, ಹುಡುಗಿಯನ್ನು ಪರೀಕ್ಷೆಗೆ ಕೂರಿಸಿ" ಎಂದೆ.

ಅವರು ಡ್ರಾಯರಿನಿಂದ ಇನ್ಸ್‌ಪೆಕ್ಟರ ಕಾಗದ ತೆಗೆದು ನನ್ನ ಮುಂದಿಟ್ಟರು. ಮೊಹರು ಸಮೇತ ಹೀಗಿತ್ತು: 'ಸದರಿ ಹುಡುಗಿಗೆ ಜ್ವರವಿತ್ತು. ಈಗ ಪೂರ್ತಿ ಗುಣವಾಗಿದೆ. ಇಲಾಖೆಯ ಆಜ್ಞೆಯ ಮೇರೆಗೆ ಹತ್ತು ದಿನ ಸ್ಕೂಲಿಗೆ ಬಂದಿರುವುದಿಲ್ಲ.'

"ಸರ್ಕಾರವೇ ಜ್ವರ ಇತ್ತು ಅಂತ ಹೇಳಿದೆ" ಎಂದರು. "ಇರಲಿಲ್ಲ ಅಂತ ಹೇಳೋಕೆ ನೀವೇನು ಡಾಕ್ಟರೇನ್ರೀ? ನೀವು ಬರೀ ಬಿ.ಎ."

ನನ್ನ ನಿಜದ ಚೀಟಿಯನ್ನು ನಾಲ್ಕಾಗಿ ಮಡಿಸಿ ನನ್ನ ಕೈಗೇ ಕೊಟ್ಟರು. ಕೊಡುವಾಗ ತುಟಿಯಲ್ಲಿ ಸಣ್ಣ ನಗುವಿತ್ತೋ, ನನಗೆ ಹಾಗೆ ಕಂಡಿತೋ! ಸಣ್ಣತಾಯಿಯ ಹೆಸರು ರಿಜಿಸ್ಟರಿನಲ್ಲಿ ಉಳಿಯಿತು.

ಇಡೀ ಮಂಡ್ಯ ಕಬ್ಬಿನ ಮೇಲೆ ನಿಂತಿದೆ. ಸ್ಕೂಲಿನ ಹೆಂಚಿನ ಮೇಲೆ ಕೂತಿರುವುದೂ ಕಾರ್ಖಾನೆಯ ಚಿಮಣಿಯ ಮಸಿಯೇ. ಆದರೆ ಕಬ್ಬು ಎನ್ನುವ ಮಾತು ಹಾಜರಿ ರಿಜಿಸ್ಟರಿನ ಕಾರಣದ ಕಾಲಮ್ಮಿನೊಳಗೆ ಮಾತ್ರ ಕಾಲಿಡುವಂತಿಲ್ಲ. ದುಡಿದ ಮಗು ನಮಗೆ ಬೇಡ, ಮಲಗಿದ ಮಗು ಬೇಕು. ಇದನ್ನು ಯಾರನ್ನು ಕೇಳೋಣ?

ಕೇಳುವುದಿರಲಿ. ಈ ಸೋಮವಾರ ಲೋಯರ್ ಸೆಕೆಂಡರಿಯ ಕನ್ನಡ ಪರೀಕ್ಷೆಯಿತ್ತು. ಗೇಟಿನ ಹೊರಗೆ ನಾನೂ ನಂಜಕ್ಕನೂ ಕಾಯುತ್ತಿದ್ದೆವು. ಸಣ್ಣತಾಯಿ ಕೈಯೆಲ್ಲ ಶಾಯಿ ಮಾಡಿಕೊಂಡು ಬಂದಳು. ಪ್ರಶ್ನೆಪತ್ರಿಕೆ ಇಸಕೊಂಡು ನೋಡಿದೆ. ಕೊನೆಯ ಪ್ರಶ್ನೆ: 'ಎರಡು ದಿನದ ರಜೆ ಕೋರಿ ನಿಮ್ಮ ಹೆಡ್‌ಮಾಸ್ಟರಿಗೆ ಒಂದು ಪತ್ರ ಬರೆಯಿರಿ.'

"ಏನು ಕಾರಣ ಬರೆದೆ ಸಣ್ಣತಾಯಿ?" ಎಂದೆ.

"ಕಬ್ ಕಡ್ಯಾದೈತೆ ಅಂತ ಬರ್ದೆ ಮೇಷ್ಟ್ರೇ."

ನಂಜಕ್ಕ ಮಗಳ ತಲೆ ಸವರಿದಳು.

ಇಷ್ಟೆಲ್ಲ ಆದಮೇಲೆ, ಊರಿಗೊಬ್ಬನೇ ಬಿ.ಎ. ಆದ ನನ್ನ ಬಾಯಿಂದ ಬಂದ ಮೊದಲ ಮಾತು ಯಾವುದು ಗೊತ್ತೇ? "ಅಯ್ಯೋ, ಜ್ವರ ಅಂತ ಬರೆದಿದ್ದರೆ ಪೂರ್ತಿ ಮಾರ್ಕು ಸಿಕ್ತಿತ್ತಲ್ಲಮ್ಮ!"