ನನ್ನ ಸೈಕಲ್ ತಳ್ಳಿದ ಲೆಕ್ಕದ ಮೇಡಮ್

ಲೆಕ್ಕದ ಮೇಡಮ್ ಅವರ ಬಲಗಾಲಿನ ಹರಡಿನ ಸುತ್ತ ಒಂದು ಕಪ್ಪು ಗೆರೆ ಬಿದ್ದಿತ್ತು. ಹಳೇ ಸೈಕಲ್ ಟ್ಯೂಬನ್ನು ಬಳೆಯ ಹಾಗೆ ಕತ್ತರಿಸಿ, ಚೂಡಿದಾರದ ಅಂಚು ಚೈನಿಗೆ ಸಿಗದಂತೆ ಅದನ್ನು ಕಾಲಿಗೆ ಹಾಕಿಕೊಳ್ಳುತ್ತಿದ್ದರು. ಸೈಕಲ್ ಇಳಿದ ಮೇಲೆ ತೆಗೆಯಲು ಮರೆಯುತ್ತಿದ್ದರು. ಮದುವೆ ಮನೆಯ ಪಂಕ್ತಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಒಮ್ಮೆ ಅವರಿಗೇ ಶಾಲು ಹೊದಿಸುವ ಸನ್ಮಾನದ ವೇದಿಕೆಯ ಮೇಲೂ ಆ ರಬ್ಬರ್ ಬಳೆ ಕಾಲಿನಲ್ಲೇ ಇತ್ತು. ಯಾರಾದರೂ ತೋರಿಸಿದರೆ, "ಇರ್ಲಿ ಬಿಡ್ರಿ, ಗೆಜ್ಜೆ ಹಾಕೋ ವಯಸ್ಸಲ್ಲಿ ಹಾಕ್ಲಿಲ್ಲ" ಎಂದು ನಗುತ್ತಿದ್ದರು.

ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು ಅವರು. ನಾನೀಗ ಮಧುಗಿರಿಯಲ್ಲೇ ವಿಜ್ಞಾನದ ಮೇಷ್ಟ್ರು. ಅವರ ಮನೆ ನಮ್ಮ ಹಿಂದಿನ ಬೀದಿಯಲ್ಲಿ. ಮದುವೆಯಾಗಿರಲಿಲ್ಲ, ತಮ್ಮನ ಸಂಸಾರದ ಜೊತೆ ಇದ್ದರು. ತಮ್ಮ ಪಾವಗಡ ರೂಟಿನ ಬಸ್ಸಿನಲ್ಲಿ ಕಂಡಕ್ಟರ್. ಮೇಡಮ್ ಬಗ್ಗೆ ಬರೆಯಲು ಹಿಂದೆಯೂ ಕೂತಿದ್ದೇನೆ. ಪ್ರತಿ ಸಲವೂ ಅವರನ್ನು ಹೊಗಳಿ ಎದ್ದುಬಿಡುತ್ತಿದ್ದೆ. ಹೊಗಳುವುದರಲ್ಲಿ ನನಗೇನೂ ಖರ್ಚಿಲ್ಲ. ಈ ಸಲ ನಾನು ಮಾಡಿದ್ದನ್ನೂ ಬರೆದೇ ಏಳಬೇಕು.

ಅವರ ಮೊದಲ ನೌಕರಿ ಶಿರಾ ತಾಲ್ಲೂಕಿನಲ್ಲಿ, ಪಟ್ಟನಾಯಕನಹಳ್ಳಿಯಿಂದ ಒಳಕ್ಕೆ ಒಂದು ಊರಿನಲ್ಲಿ. ಬಸ್ಸು ಇಳಿದ ಮೇಲೆ ಸೈಕಲ್ಲೇ ಗತಿ. ಶಾಲೆಗೆ ಮೊದಲು ಒಂದು ದಿಬ್ಬ. ಪ್ರತಿದಿನ ಅಲ್ಲಿ ಇಳಿದು ತಳ್ಳಬೇಕು, ಪ್ರತಿದಿನ ಅರಳಿಕಟ್ಟೆಯ ಮೇಲೆ ಕೂತ ಗಂಡಸರು ನೋಡಿ ನಗಬೇಕು. "ಮೇಡಮ್ಮಾರು ಗಾಡೀನ ವಾಕಿಂಗ್ ಕರ್ಕೊಂಡೊಯ್ತಾವ್ರೆ ಕಣ್ರೋ" ಅನ್ನುತ್ತಿದ್ದರಂತೆ. ಆ ಮಾತನ್ನು ಮೇಡಮ್ ಮೂವತ್ತೈದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ರಿಟೈರಾದ ಮೇಲೆ ಎಲೆಕ್ಟ್ರಿಕ್ ಸೈಕಲ್ ಬಂದಿದೆ ಎಂದು ಗೊತ್ತಾದ ದಿನ ನನ್ನನ್ನು ಕರೆದು ಹೇಳಿದರು: "ಇನ್ನು ಯಾವ ಏರಲ್ಲೂ ನಾನು ಇಳಿಯಲ್ಲ ಕಣೋ. ಕೂತ್ಕೊಂಡೇ ಹತ್ತೋದು."

ಕೊಳ್ಳಲು ತುಮಕೂರಿಗೆ ಹೋದಾಗ ನಾನೂ ಜೊತೆಗಿದ್ದೆ. ಹತ್ತು ಕೆಜಿ ರಾಗಿಯ ಚೀಲವನ್ನು ಬಸ್ಸಿನಲ್ಲಿ ಹೊತ್ತು ತಂದಿದ್ದರು. ಯಾರಿಗೋ ಕೊಡಲಿಕ್ಕೆ ಇರಬೇಕು ಅಂದುಕೊಂಡಿದ್ದೆ. ಅಂಗಡಿಯವನು "ಒಂದು ಚಾರ್ಜಿಗೆ ಎಂಬತ್ತು ಕಿಲೋಮೀಟರ್ ಮೇಡಮ್" ಎಂದ. "ಯಾವ ರಸ್ತೇಲಿ? ಮೇಲೆ ಎಷ್ಟು ತೂಕದೋರು ಕೂತಿದ್ರು? ಎದುರುಗಾಳಿ ಇತ್ತೋ ಇಲ್ವೋ?" ಎಂದು ಮೇಡಮ್ ಕೇಳಿದರು. ಅವನು ಪುಸ್ತಕ ತಿರುವಿಹಾಕತೊಡಗಿದ. ಅಂಗಡಿ ಮುಂದಿನ ಸಮ ರಸ್ತೆಯಲ್ಲಿ ಓಡಿಸಿ ನೋಡಿ ಎಂದರೆ ಒಪ್ಪಲಿಲ್ಲ. ಹತ್ತಿರದ ಫ್ಲೈಓವರ್ ತೋರಿಸಿ, ರಾಗಿ ಚೀಲ ಕ್ಯಾರಿಯರಿಗೆ ಕಟ್ಟಿ, ಅಂಗಡಿಯಲ್ಲಿದ್ದ ನಾಲ್ಕು ಸೈಕಲ್ಲನ್ನೂ ಒಂದೊಂದಾಗಿ ಹತ್ತಿಸಿ ಇಳಿಸಿದರು. ಕೊನೆಗೆ ಆರಿಸಿದ್ದು ನೋಡಲು ಸಾಧಾರಣವಾದದ್ದು: ಕಾಲು ಎಷ್ಟು ಒತ್ತಿದರೆ ಮೋಟಾರು ಅಷ್ಟೇ ಕೈಜೋಡಿಸುತ್ತಿತ್ತು, ಏರಿಗೆಂದು ಹಗುರ ಗೇರುಗಳಿದ್ದವು, ಎರಡು ಚಕ್ರಕ್ಕೂ ಒಳ್ಳೆಯ ಡಿಸ್ಕ್ ಬ್ರೇಕ್ ಇತ್ತು. "ಹತ್ತೋದು ಮೋಟಾರಿಂದ, ಮನೆಗೆ ಬರೋದು ಬ್ರೇಕಿಂದ" ಎಂದರು.

ಎರಡು ತಿಂಗಳಿಗೆ ನಾನೂ ಒಂದು ಕೊಂಡೆ. ಫೋನಿನಲ್ಲಿ ಚಿತ್ರ ನೋಡಿ ತರಿಸಿದ್ದು. ದಪ್ಪ ಟೈರು, ದೊಡ್ಡ ಬ್ಯಾಟರಿ, ಗೇರು ಇಲ್ಲ, ಹಿಡಿ ತಿರುಗಿಸಿದರೆ ತುಳಿಯದೆಯೇ ಓಡುತ್ತದೆ. ಸ್ಟಾಫ್ ರೂಮಿನಲ್ಲಿ ಅದರ ಗುಣಗಾನ ಮಾಡಿದ್ದಲ್ಲದೆ, ಶಾಲೆಗೆ ತಂದು ಹತ್ತನೇ ತರಗತಿಗೆ ಅದನ್ನೇ ನಿಲ್ಲಿಸಿಕೊಂಡು ವಿದ್ಯುತ್ ಪಾಠ ಮಾಡಿದೆ. ಮೇಡಮ್ ಸುತ್ತ ಒಂದು ಸಲ ಬಂದು "ತೂಕ ಎಷ್ಟಿದೆಯೋ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

ಹೊಸ ದಾರಿಗೆ ಹೊರಡುವ ಮುನ್ನ ಅವರು ಒಂದು ಸಲ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು, ಅವನು ಎಲ್ಲೆಲ್ಲಿ ಗೇರು ಇಳಿಸುತ್ತಾನೋ ಅಲ್ಲಲ್ಲಿ ಟಿಕೆಟ್ಟಿನ ಹಿಂಭಾಗದಲ್ಲಿ ಒಂದು ಗೆರೆ ಎಳೆಯುವುದು. ಒಂದು ಗೇರು ಇಳಿಸಿದರೆ ಸಣ್ಣ ಗೆರೆ, ಎರಡು ಇಳಿಸಿದರೆ ಉದ್ದ ಗೆರೆ. ಊರಿಗೆ ಬಂದು ಆ ಗೆರೆಗಳನ್ನು ಕೂಡಿಸಿ ಬ್ಯಾಟರಿ ಎಷ್ಟು ಬೇಕೆಂದು ಲೆಕ್ಕ ಹಾಕುತ್ತಿದ್ದರು. "ದೂರ ಯಾರು ಬೇಕಾದ್ರೂ ಅಳೀತಾರೆ. ಏರು ಅಳೀಬೇಕು" ಎನ್ನುವುದು ಅವರ ಮಾತು. ಆ ಲೆಕ್ಕ ಒಮ್ಮೆಯೂ ತಪ್ಪಿದ್ದನ್ನು ನಾನು ನೋಡಲಿಲ್ಲ. ಕೊರಟಗೆರೆ ಕಡೆಯ ಚನ್ನರಾಯನದುರ್ಗದ ಬುಡ, ಸಿದ್ದರಬೆಟ್ಟದ ದಾರಿ, ಮಿಡಿಗೇಶಿ, ಎಲ್ಲವನ್ನೂ ಕೂತುಕೊಂಡೇ ಹತ್ತಿದರು. ಮೇಲೆ ಹೋಗಿ ನಿಂತು ಬೆಟ್ಟ ನೋಡುತ್ತಿರಲಿಲ್ಲ, ಹತ್ತಿಬಂದ ರಸ್ತೆಯನ್ನು ನೋಡುತ್ತಿದ್ದರು. ಪಾವಗಡದಾಚೆಯ ನಿಡಗಲ್ಲು ಬೆಟ್ಟ ಮಾತ್ರ ಉಳಿದಿತ್ತು.

ಅದಕ್ಕೆ ತಾಲೀಮು ಎಂದು ಒಂದು ಭಾನುವಾರ ಬೆಳಿಗ್ಗೆ ನಾವಿಬ್ಬರೂ ಪಾವಗಡಕ್ಕೆ ಹೊರಟೆವು. "ಮೋಟಾರನ್ನ ಮೊದಲನೇ ನಂಬರಿನಲ್ಲಿಟ್ಟು ತುಳ್ಕೊಂಡ್ ಬಾ" ಎಂದು ಮೇಡಮ್ ಎರಡು ಸಲ ಹೇಳಿದರು. ಪುರಾಣ ಕೇಳಿದ ಹಾಗೆ ಕೇಳಿ ನಾನು ಹಿಡಿ ತಿರುಗಿಸಿದೆ. ಅವರನ್ನು ಹಿಂದೆ ಹಾಕಿ, ಕಾಯ್ದು, ಮತ್ತೆ ಹಿಂದೆ ಹಾಕಿ ಆಟವಾಡಿದೆ. ಮಿಡಿಗೇಶಿ ದಾಟಿ ಬಹಳ ದೂರವಾಗಿರಲಿಲ್ಲ. ಒಂದು ಉದ್ದನೆಯ ಏರು, ಎದುರುಗಾಳಿ ಬೇರೆ. ಅರ್ಧ ಏರಿನಲ್ಲಿ ನನ್ನ ಸೈಕಲ್ಲಿನ ಬ್ಯಾಟರಿ ಮುಗಿದು ದೀಪ ಆರಿತು. ಇಳಿದು ತಳ್ಳಿದೆ. ಎಮ್ಮೆಯಷ್ಟು ಭಾರ. ನೂರು ಹೆಜ್ಜೆಗೆ ಮೀನಖಂಡ ಹಿಡಿದುಕೊಂಡು ರಸ್ತೆಯಂಚಿನಲ್ಲಿ ಕೂತುಬಿಟ್ಟೆ.

ಮೇಡಮ್ ಬಂದು ನಿಂತರು. ಬಯ್ಯಲಿಲ್ಲ. "ನನ್ನದು ತಗೊಂಡ್ ಹೋಗಿ ಮೇಲೆ ಹೋಟೆಲ್ ಹತ್ರ ಕಾಲು ಚಾಚಿ ಕೂತ್ಕೋ. ಇದನ್ನ ನಾನು ತರ್ತೀನಿ" ಎಂದರು. ನಾನು ಬೇಡ ಮೇಡಮ್ ಎಂದೆ. ಒಂದೇ ಸಲ ಎಂದೆ. ಇನ್ನೊಂದು ಸಲ ಅಂದರೆ ಒಪ್ಪಿಬಿಟ್ಟಾರು ಎಂಬ ಹೆದರಿಕೆ ನನಗೇ ಇತ್ತು.

ಹೋಟೆಲ್ ತಲುಪುವಷ್ಟರಲ್ಲಿ ಸೆಳೆತ ಪೂರ್ತಿ ಬಿಟ್ಟಿತ್ತು. ಸೈಕಲ್ ಅಲ್ಲಿ ನಿಲ್ಲಿಸಿ ಇಳಿದು ಓಡಿಹೋಗಿ ಕೈಕೊಡಬಹುದಿತ್ತು. ಇಡ್ಲಿ ಹೇಳಿದೆ. ಬೆಂಚಿನ ಮೇಲೆ ನಮ್ಮ ಶಾಲೆಯ ಇಬ್ಬರು ಹುಡುಗಿಯರ ತಂದೆ ಕೂತಿದ್ದರು. "ಏನ್ ಸಾ, ನಿಮ್ ಕರೆಂಟ್ ಗಾಡಿ ಇದೇನಾ? ನಮ್ ಮಕ್ಳು ದಿನಾ ಅದ್ನೇ ಹೇಳ್ತವೆ" ಎಂದರು. ಅಷ್ಟರಲ್ಲಿ ಕೆಳಗೆ ತಿರುವಿನಲ್ಲಿ, ಗಾಳಿಗೆ ತಲೆ ತಗ್ಗಿಸಿ, ಎರಡೂ ಕೈಯಿಂದ ಸೈಕಲ್ ತಳ್ಳುತ್ತ ಮೇಡಮ್ ಕಾಣಿಸಿದರು. ಹೋಟೆಲಿನವನು ಕೈ ಅಡ್ಡ ಹಿಡಿದು ನೋಡಿ, "ಅಯ್ಯೋ ದೇವುಡಾ! ಕಂಡಕ್ಟ್ರಣ್ಣನ ಅಕ್ಕ ಅಲ್ವಾ? ಆಯಮ್ಮನ ಗಾಡಿ ಚಾರ್ಜ್ ಮುಗ್ದೋಯ್ತಾ ಸಾ?" ಎಂದು ಕೇಳಿದ.

"ಹೂಂ" ಎಂದೆ.

ಮೇಡಮ್ ಬಂದು ಸೈಕಲ್ ನಿಲ್ಲಿಸಿದರು. ಚೂಡಿದಾರವೆಲ್ಲ ಬೆವರು, ಮಾತಾಡಲು ಉಸಿರಿಲ್ಲ. "ಚಾರ್ಜ್ ನೋಡ್ಕೊಂಡ್ ಬರೋದಲ್ವೇನಮ್ಮ? ಮೇಷ್ಟ್ರು ಗಾಡಿ ನೋಡು, ಹೆಂಗ್ ಬಂತು!" ಎಂದು ಹೋಟೆಲಿನವನು ಬುದ್ಧಿ ಹೇಳಿದ. ಬೆಂಚಿನ ಮೇಲಿದ್ದವರು ನಕ್ಕರು. ಮೇಡಮ್ ನನ್ನ ಕಡೆ ಒಂದು ಸಲ ನೋಡಿದರು. ಆಮೇಲೆ, "ಹೌದು ಕಣಪ್ಪ, ತಪ್ಪಾಯ್ತು. ಒಂದು ಟೀ ಕೊಡು" ಎಂದರು. ಅಲ್ಲಿಯೇ ಮೂರು ಗಂಟೆ ಕೂತು ನನ್ನ ಸೈಕಲ್ಲಿಗೆ ಚಾರ್ಜ್ ಹಾಕಿ, ಪಾವಗಡದ ಆಸೆ ಬಿಟ್ಟು ಊರಿನ ಕಡೆ ಹೊರಟೆವು. ಹೊರಡುವಾಗ ನನ್ನ ಸೈಕಲ್ಲನ್ನು ಅವರೇ ಹತ್ತಿದರು. ತಿರುವು ದಾಟಿ ಹೋಟೆಲ್ ಮರೆಯಾದ ಮೇಲೆ ಇಳಿದು, "ತಗೋ" ಎಂದು ಹಿಡಿ ನನ್ನ ಕೈಗೆ ಕೊಟ್ಟರು. ಅಷ್ಟು ದೂರದವರೆಗೂ ನನ್ನ ಸುಳ್ಳನ್ನು ಅವರೇ ಓಡಿಸಿದರು.

ಆ ಹೋಟೆಲಿನ ಮುಂದೆ ಅವರ ತಮ್ಮನ ಬಸ್ಸು ದಿನಾ ಟೀಗೆ ನಿಲ್ಲುತ್ತದೆ. ಮರುದಿನ ಸಂಜೆ ತಮ್ಮ ನಮ್ಮ ಮನೆಗೇ ಬಂದರು. "ಆ ಏರಲ್ಲಿ ನಮ್ ಬಸ್ಸೇ ಉಸ್ ಅಂತದೆ ಮೇಷ್ಟ್ರೇ. ಅರವತ್ತೆರಡು ವರ್ಷ ಅಕ್ಕಂಗೆ. ಏನಾನ ಆಗ್ಬುಟ್ಟಿದ್ರೆ? ನೀವ್ ಜೊತೇಲಿದ್ರಿ, ನಮ್ ಪುಣ್ಯ" ಎಂದು ನನ್ನ ಕೈ ಹಿಡಿದುಕೊಂಡರು. ಆಗಲೂ ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದು ಕಾಫಿ ತರಲು ಹೆಂಡತಿಯನ್ನು ಕರೆಯುವುದಕ್ಕೆ. ಅವರು ಮನೆಗೆ ಹೋಗಿ ಅಕ್ಕನ ಸೈಕಲ್ಲಿನ ಚಾರ್ಜರ್ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಪ್ರೀತಿಯಿಂದ ಮಾಡಿದ ಕೆಲಸ. ತಪ್ಪು ಹುಡುಕುವುದಾದರೆ ನನ್ನಲ್ಲಿ ಹುಡುಕಬೇಕು.

ಹೇಳುತ್ತೇನೆ, ಈ ಪರೀಕ್ಷೆ ಮುಗಿಯಲಿ. ಹೇಳುತ್ತೇನೆ, ಹಬ್ಬ ಕಳೆಯಲಿ. ಹೀಗೆ ಒಂದು ವರ್ಷ ದಾಟಿತು. ಅವರ ಮನೆ ಮುಂದೆ ಹೋಗುವುದು ತಪ್ಪಿಸಲು ಮಾರುಕಟ್ಟೆಗೆ ಸುತ್ತುದಾರಿ ಹಿಡಿದೆ. ಒಮ್ಮೆ ಎದುರಾದಾಗ ಮೇಡಮ್ ನಡೆದು ಬರುತ್ತಿದ್ದರು. "ಗಾಡಿ ಓಡಿಸ್ತಿದೀಯೇನೋ? ಮೊದಲನೇ ನಂಬರಿನಲ್ಲಿಡು. ಏರು ಶುರು ಆಗೋಕೆ ಮುಂಚೆ ಎರಡು ಮಾಡು, ಮಧ್ಯದಲ್ಲಲ್ಲ" ಎಂದರು. ಇಷ್ಟಾದರೂ ಪಾಠ ಹೇಳುತ್ತಿದ್ದರು. ನಾನು ತಲೆಯಾಡಿಸಿದೆ.

ಕಾಮಾಲೆ ಎಂದು ತುಮಕೂರಿನ ಆಸ್ಪತ್ರೆ ಸೇರಿದವರು ಹದಿನೆಂಟು ದಿನಕ್ಕೆ ತೀರಿಕೊಂಡರು. ತಾವು ಹತ್ತಿದ್ದ ಅದೇ ಬೆಟ್ಟಗಳ ನಡುವಿನ ರಸ್ತೆಯಲ್ಲಿ ಆಂಬುಲೆನ್ಸಿನಲ್ಲಿ ಊರಿಗೆ ಬಂದರು. ನಿಡಗಲ್ಲು ಹತ್ತಲೇ ಇಲ್ಲ.

ಕಾರ್ಯದ ದಿನ ಊಟವಾದ ಮೇಲೆ ತಮ್ಮ ನನ್ನನ್ನು ಪಡಸಾಲೆಗೆ ಕರೆದರು. ಸೈಕಲ್ ಒರೆಸಿ ನಿಲ್ಲಿಸಿದ್ದರು. ಚಾರ್ಜರನ್ನು ನನ್ನ ಕೈಗಿಟ್ಟು, "ಇದು ನಿಮ್ ತಾವೇ ಇರ್ಲಿ ಮೇಷ್ಟ್ರೇ. ಅವತ್ತು ಅಕ್ಕನ್ನ ಕಾಪಾಡಿ ಕರ್ಕೊಂಡ್ ಬಂದೋರು ನೀವು" ಎಂದರು. ಹೇಳಿಬಿಟ್ಟೆ. ನಿಂತದ್ದು ನನ್ನ ಗಾಡಿ, ತಳ್ಳಿದ್ದು ಅವರು, ಹೂಂ ಎಂದದ್ದು ನಾನು. ಎಲ್ಲ ಹೇಳಿದೆ.

ಅವರು ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟರು.

"ಎರಡು ದಪ ಚಾರ್ಜರ್ ಕೇಳಿದ್ಲು. ಎರಡು ದಪಾನೂ ನಾನು ಇದೇ ಮಾತೆತ್ತಿ ಬಯ್ದೆ. ನಿಂಗೆ ಲೆಕ್ಕ ಮರ್ತೋಗದೆ ಕಣಕ್ಕ, ವಯಸ್ಸಾಯ್ತು ಅಂದೆ" ಎಂದರು. "ಅಲ್ಲ ಅಂತ ಒಂದ್ ಮಾತು ಅನ್ಲಿಲ್ಲ ಮೇಷ್ಟ್ರೇ. ಸುಮ್ಕೆ ಒಳಕ್ಕೋದ್ಲು."

ನನ್ನ ಕೈಯಲ್ಲಿದ್ದ ಚಾರ್ಜರನ್ನು ಮೆಲ್ಲಗೆ ಬಿಡಿಸಿಕೊಂಡು ಅವರೂ ಒಳಗೆ ಹೋದರು.