ಓನರ್ ಆಂಟಿಯ ಮಾತಿನ ಓಟ

ಮೊನ್ನೆ ನಾಗಸಂದ್ರದ ಕಡೆ ಹೋಗುವ ಮೆಟ್ರೋದಲ್ಲಿ ಪಕ್ಕದ ಹೆಂಗಸೊಬ್ಬರು ಮಂಡಿಗೆ ನೋವಿನ ಮುಲಾಮು ಹಚ್ಚಿಕೊಂಡು ಬಂದಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ನಗು ಬಂತು. ಉಳಿದವರು ಮುಖ ತಿರುಗಿಸಿದರೆ ನಾನು ಇನ್ನಷ್ಟು ಹತ್ತಿರ ಸರಿದು ಕೂತೆ. ಬಾಗಲಗುಂಟೆಯ ನಮ್ಮ ಓನರ್ ಆಂಟಿ ಬೆಳ್ಳಂಬೆಳಗ್ಗೆ ಹೀಗೇ ಘಮಘಮಿಸುತ್ತಿದ್ದರು...

ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಇನ್ನೂ ಏಳುತ್ತಿದ್ದ ಕಾಲ. ನಾನು ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸಕ್ಕಿದ್ದೆ. ಗದಗದ ಕಡೆಯಿಂದ ಬಂದು ಅಣ್ಣ-ಅತ್ತಿಗೆಯ ಜೊತೆ ಆಂಟಿಯ ಮಹಡಿಯ ಶೀಟಿನ ಮನೆಯಲ್ಲಿ ಬಾಡಿಗೆಗಿದ್ದೆ. ಡಿಗ್ರಿ ಮುಗಿದಿತ್ತು, ಪಿ.ಟಿ. ಮೇಡಂ ಆಗಬೇಕೆಂಬ ಆಸೆಯಿತ್ತು. ಅದರ ಕೋರ್ಸಿಗೆ ಸೇರಲು ಓಟದ ಪರೀಕ್ಷೆ ಪಾಸಾಗಬೇಕು. ಮೊದಲ ಸಲ ಅರ್ಧಕ್ಕೇ ಏದುಸಿರು ಬಿಟ್ಟು ಕೂತುಬಿಟ್ಟಿದ್ದೆ. ಇನ್ನೊಂದೇ ಸಲ ನೋಡು, ಆಗದಿದ್ದರೆ ಊರಿಗೆ ಹೋಗಿ ಮದುವೆ ಮಾಡಿಕೋ ಎಂದು ಅಣ್ಣ ಹೇಳಿಬಿಟ್ಟಿದ್ದ.

ಅಂದಮೇಲೆ ಬಿಡುವುದುಂಟೇ? ದಿನಾ ಬೆಳಗ್ಗೆ ಬೀದಿಯಲ್ಲಿ ಎದ್ದೆನೋ ಬಿದ್ದೆನೋ ಎಂದು ಓಡತೊಡಗಿದೆ. ಗೇಟಿನ ಮುಂದೆ ನೀರು ಹಾಕುತ್ತಿದ್ದ ಆಂಟಿ ಒಂದು ದಿನ ಕೇಳಿದರು, "ಯಾಕಮ್ಮಾ, ನಾಯಿ ಅಟ್ಟಿಸ್ಕೊಂಡ್ ಬಂತಾ?"

ಆಮೇಲೆ ಗೊತ್ತಾಯಿತು. ಮೋಟಾರ್ ಆಫ್ ಮಾಡಿಲ್ಲವೆಂದು ಬಾಡಿಗೆಯವರನ್ನು ಗದರುವ ಈ ಆಂಟಿ, ಮದುವೆಗೆ ಮುಂಚೆ ದೂರದ ಓಟದಲ್ಲಿ ರಾಜ್ಯಕ್ಕೇ ಮೊದಲು ಬಂದವರು. ಗೆದ್ದ ಕಪ್ಪುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಟೆರೇಸಿನಲ್ಲಿತ್ತು, ಅದರ ತುಂಬ ಬಟ್ಟೆ ಕ್ಲಿಪ್ಪು. ಮದುವೆಯಾದ ಮೇಲೆ ಹೊಲ, ಹಸು, ಆಮೇಲೆ ಹೊಲ ಹೋಗಿ ಬಾಡಿಗೆ ಮನೆಗಳು... ಓಟ ನಿಂತೇಹೋಗಿತ್ತಂತೆ. ಮಕ್ಕಳು ದೊಡ್ಡವರಾದ ಮೇಲೆ, ಅನ್ನುವವರು ಅನ್ನಲಿ ಎಂದು ಮಂಡಿಗೆ ಮುಲಾಮು ಹಚ್ಚಿ, ಚೂಡಿದಾರದ ಮೇಲೇ ಶೂ ಹಾಕಿಕೊಂಡು ಮತ್ತೆ ಶುರು ಮಾಡಿದ್ದರು.

ಮರುದಿನದಿಂದ ನಾನು ಅವರ ಜೊತೆ. ಅವರು ಕಲಿಸುವ ರೀತಿಯೇ ಬೇರೆ. ಓಡುತ್ತಾ ಮಾತಾಡಬೇಕು. ನಿನ್ನೆ ಏನು ಅಡುಗೆ ಎಂದು ಕೇಳುವರು. ಎಣ್ಣೆಗಾಯಿ ಎಂದರೆ ಸಾಲದು, ಬದನೆಕಾಯಿ ಸೀಳುವುದರಿಂದ ಹಿಡಿದು ಪೂರ್ತಿ ಹೇಳಬೇಕು. ಮಸಾಲೆ ತುಂಬುವಷ್ಟರಲ್ಲಿ ಉಸಿರು ಕಟ್ಟಿದರೆ ವೇಗ ಜಾಸ್ತಿಯಾಯಿತೆಂದು ಅರ್ಥ, ನಿಧಾನಿಸಬೇಕು. ಪಾಳಿ ಮುಗಿಸಿ ಬರುವವರು ನಮ್ಮಿಬ್ಬರನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅಡುಗೆ ಮುಗಿದರೆ ಬುದ್ಧಿಮಾತು. ಹೊಟ್ಟೆಗೆ ಮೋಸ ಮಾಡಬೇಡ, ನೋವಿದ್ದ ದಿನ ಶೌರ್ಯ ತೋರಿಸಬೇಡ, ಮುಂದೆ ಓಡುವವರ ಮೇಲೆ ಹೊಟ್ಟೆಕಿಚ್ಚು ಪಡಬೇಡ, ನಿನ್ನನ್ನು ಎಳೆದುಕೊಂಡು ಹೋಗುವವರು ಅವರೇ...

ಪರೀಕ್ಷೆಗೆ ಸ್ವಲ್ಪ ಮುಂಚೆ ಪೀಣ್ಯದಲ್ಲಿ ಯಾವುದೋ ಕಂಪನಿಯವರು ಓಟದ ಸ್ಪರ್ಧೆ ಇಟ್ಟರು. ಆಂಟಿ ನನ್ನನ್ನೂ ಸೇರಿಸಿದರು. ಕೊನೆಯತನಕ ಜೊತೆಗಿರುತ್ತಾರೆಂದು ನಂಬಿದ್ದೆ. ಮೊದಲ ತಿರುವಿನಲ್ಲೇ "ನಾನ್ ಓಯ್ತೀನಿ ಕಣಮ್ಮ" ಎಂದವರು ತಿರುಗಿಯೂ ನೋಡದೆ ಹೊರಟುಹೋದರು. ನನಗೆ ಸಿಟ್ಟು, ಅಳು ಎರಡೂ ಬಂತು. ಬೇರೆ ದಾರಿ ಕಾಣದೆ ಒಬ್ಬಳೇ ಗಟ್ಟಿಯಾಗಿ ಎಣ್ಣೆಗಾಯಿ ಹೇಳಿಕೊಳ್ಳುತ್ತಾ ಓಡಿದೆ. ಪಕ್ಕದಲ್ಲಿ ಓಡುತ್ತಿದ್ದವನು ಹೆದರಿ ಆಚೆ ಸರಿದ. ನಾನು ತಲುಪಿದಾಗ ಆಂಟಿ ಬಹುಮಾನದ ಕುಕ್ಕರನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದರು. ಮುಖ ಊದಿಸಿಕೊಂಡಿದ್ದ ನನಗೆ ಬಾಳೆಹಣ್ಣು ಸುಲಿದು ಕೊಟ್ಟು ಅಂದರು, "ನಾನ್ ನಿಂತ್ಕಂಡಿದ್ರೆ ನೀನು ನನ್ ಕಾಲಲ್ಲಿ ಓಡ್ತಿದ್ದೆ. ಪರೀಕ್ಷೆ ದಿನ ನಾನ್ ಇರಲ್ವಲ್ಲ."

ಹೇಳಿದಂತೆಯೇ ಪರೀಕ್ಷೆಯ ದಿನ ಅವರು ಬರಲಿಲ್ಲ. ನಾನು ಪಾಸಾದೆ. ಮೈದಾನದಿಂದಲೇ ಫೋನ್ ಮಾಡಿದರೆ ಪುಣ್ಯಾತ್ಗಿತ್ತಿ ಶಹಬ್ಬಾಸ್ ಅನ್ನಲಿಲ್ಲ. ನಿನ್ನ ಮುಂದೆ ಯಾರಿದ್ದರು ಎಂದು ಕೇಳಿದರು. ಹಸಿರು ಟೀ ಶರ್ಟಿನ ಒಬ್ಬಳು ಹುಡುಗಿ ಅಂದೆ.

"ಅವಳ್ ಎಸ್ರೇನು?"

"ಗೊತ್ತಿಲ್ರಿ ಆಂಟಿ."

"ಅಷ್ಟ್ ದೂರ ಎಳ್ಕೊಂಡ್ ಬಂದವ್ಳೆ, ಎಸ್ರು ಕೇಳ್ಬಾರ್ದಾ? ಓಗು, ಕೇಳ್ಕೊಂಡ್ ಬಾ."

ಹೋಗಿ ಕೇಳಿದೆ. ಆ ಹುಡುಗಿ ಇವತ್ತಿಗೂ ನನ್ನ ಗೆಳತಿ.

ಕೋರ್ಸ್ ಮುಗಿದು ಕೆಲಸ ಸಿಕ್ಕಿ ತುಮಕೂರಿನ ಆಚೆ ಹೋದೆ. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದೆ, ಆಮೇಲೆ ಅದೂ ಕಡಿಮೆಯಾಯಿತು...

ಮೊನ್ನೆ ಮೆಟ್ರೋ ಇಳಿದವಳು ತಡೆಯಲಾರದೆ ಬಾಗಲಗುಂಟೆಗೆ ಹೋದೆ. ನಮ್ಮ ಬೀದಿಯ ಮೂಲೆಯಲ್ಲಿ, ಕರೆಂಟು ಕಂಬಕ್ಕೆ ಕಟ್ಟಿದ ಒಂದು ಫ್ಲೆಕ್ಸ್ ಬಿಸಿಲಿಗೆ ಮಾಸಿತ್ತು. ಭಾವಪೂರ್ಣ ಶ್ರದ್ಧಾಂಜಲಿ. ಎದೆಯ ಮೇಲೆ ಓಟದ ನಂಬರು ಚುಚ್ಚಿಕೊಂಡು ನಗುತ್ತಿರುವ ಆಂಟಿ. ನನಗೆ ಯಾರೂ ತಿಳಿಸಿರಲಿಲ್ಲ. ಹೋಗುವ ಬರುವ ಗಾಡಿಗಳ ನಡುವೆ ಅಲ್ಲೇ ನಿಂತು ಅತ್ತುಬಿಟ್ಟೆ. ಕಣ್ಣು ಒರೆಸಿಕೊಂಡು ಫೋಟೋದ ಕೆಳಗಿನ ದಪ್ಪ ಅಕ್ಷರ ಓದಿದೆ. ಆಂಟಿ, ಆಂಟಿ ಎನ್ನುತ್ತಾ ಅವರ ಹಿಂದೆ ಅಷ್ಟು ದೂರ ಓಡಿದ ನನಗೆ ಅವರ ಹೆಸರು ಗೊತ್ತಾದದ್ದು ಆಗಲೇ.